ನಿಕೊಲಾಯ್ ಟ್ರುಬೆಟ್ಸ್ಕೊಯ್ (1890–1938)

ಪರಿಚಯ
ಮಾತಿನ ಧ್ವನಿಗಳ ಒಳರಚನೆಯನ್ನು ಶಾಸ್ತ್ರೀಯವಾಗಿ ನಿರೂಪಿಸಿದ ಭಾಷಾವಿಜ್ಞಾನಿಗಳಲ್ಲಿ ಪ್ರೊ. ನಿಕೊಲಾಯ್ ಸೆರ್ಗೆಯೆವಿಚ್ ಟ್ರುಬೆಟ್ಸ್ಕೊಯ್ ಅವರು ಅಗ್ರಗಣ್ಯರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ
ಟ್ರುಬೆಟ್ಸ್ಕೊಯ್ ಅವರು 1890ರ ಏಪ್ರಿಲ್ 16ರಂದು ಮಾಸ್ಕೋದ ಪ್ರತಿಷ್ಠಿತ ರಾಜವಂಶವೊಂದರಲ್ಲಿ ಜನಿಸಿದರು. ತಂದೆ ಸೆರ್ಗೆಯ್ ಅವರು ತತ್ತ್ವಶಾಸ್ತ್ರಜ್ಞರಾಗಿದ್ದು, 1905ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಚುನಾಯಿತರಾದರು. ಅದೇ ವರ್ಷ ನಿಧನರಾದರು. ಬಾಲ್ಯದಿಂದಲೇ ಜನಪದ ಅಧ್ಯಯನದಲ್ಲಿ ಆಸಕ್ತಿ ಹೊಂದಿದ್ದ ಟ್ರುಬೆಟ್ಸ್ಕೊಯ್ ಅವರ ಮೊದಲ ಲೇಖನವು ಅವರ 15ನೇ ವಯಸ್ಸಿನಲ್ಲಿಯೇ ಪ್ರಕಟವಾಯಿತು. 1908ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯವನ್ನು ಸೇರಿದ ಅವರು, ಮುಂದೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಉನ್ನತ ವ್ಯಾಸಂಗ ಮಾಡಿ, 1915ರಿಂದ ಮಾಸ್ಕೋದಲ್ಲಿ ಅಧ್ಯಾಪನವನ್ನು ಕೈಗೊಂಡರು.

ವಲಸೆಯ ವರ್ಷಗಳು
1917ರ ಕ್ರಾಂತಿಯ ಕಾಲದಲ್ಲಿ ಅವರು ಕಾಕಸಸ್ ಪ್ರಾಂತದಲ್ಲಿದ್ದರು. ಮಾಸ್ಕೋಗೆ ಮರಳಲು ಸಾಧ್ಯವಾಗದೆ ಕೆಲಕಾಲ ರೊಸ್ತೋವ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, 1920ರಲ್ಲಿ ದೇಶವನ್ನು ತೊರೆದು ಬಲ್ಗೇರಿಯದ ಸೋಫಿಯಾ ನಗರವನ್ನು ಸೇರಿದರು. ಅವರ ಹಸ್ತಪ್ರತಿಗಳು ರಷ್ಯಾದಲ್ಲಿಯೇ ಉಳಿದವು. 1922ರಲ್ಲಿ ಆಸ್ಟ್ರಿಯದ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಸ್ಲಾವಿಕ್ ಭಾಷಾ ವಿಭಾಗದ ಪ್ರಾಧ್ಯಾಪಕರಾಗಿ ನೇಮಕಗೊಂಡು, ಜೀವಿತಾವಧಿಯ ಕೊನೆಯವರೆಗೂ ಆ ಸ್ಥಾನದಲ್ಲಿದ್ದರು. 1926ರಲ್ಲಿ ಸ್ಥಾಪನೆಯಾದ ಪ್ರಾಗ್ ಭಾಷಾವಿಜ್ಞಾನ ವಲಯದಲ್ಲಿ, ಮಿತ್ರರಾದ ರೋಮನ್ ಯಾಕೊಬ್‌ಸನ್ ಅವರೊಡನೆ ಪ್ರಮುಖ ಪಾತ್ರ ವಹಿಸಿದರು.

ಭಾಷಾವಿಜ್ಞಾನಕ್ಕೆ ಕೊಡುಗೆ
ಅರ್ಥಭೇದವನ್ನುಂಟುಮಾಡುವ ಧ್ವನಿಘಟಕವನ್ನು ಧ್ವನಿಮಾ ಎಂದು ಕರೆಯಲಾಗುತ್ತದೆ. ಧ್ವನಿಮಾ ಎಂಬುದು, ಒಂದು ಭಾಷೆಯಲ್ಲಿ ಅರ್ಥಭೇದಕ್ಕೆ ಕಾರಣವಾಗುವ ಲಕ್ಷಣಗಳ ಮೊತ್ತ ಎಂಬುದು ಟ್ರುಬೆಟ್ಸ್ಕೊಯ್ ಅವರ ಪ್ರತಿಪಾದನೆ.

ಕನ್ನಡ ವರ್ಣಮಾಲೆಯ ವರ್ಗೀಯ ವ್ಯಂಜನಗಳನ್ನು ಬಲ್ಲವರಿಗೆ ಈ ವಿಚಾರವು ಸುಲಭವಾಗಿ ಮನದಟ್ಟಾಗುತ್ತದೆ. ತಾಳಿ ಮತ್ತು ದಾಳಿ ಎಂಬ ಪದಗಳ ಮೊದಲ ವ್ಯಂಜನಗಳೆರಡೂ ದಂತ್ಯಗಳು, ಎರಡೂ ಅಲ್ಪಪ್ರಾಣಗಳು. ದಕಾರವನ್ನು ಉಚ್ಚರಿಸುವಾಗ ಧ್ವನಿತಂತುಗಳು ಕಂಪಿಸುತ್ತವೆ, ತಕಾರದಲ್ಲಿ ಕಂಪಿಸುವುದಿಲ್ಲ. ಘೋಷವೆಂಬ ಈ ಒಂದೇ ಲಕ್ಷಣವು ಎರಡು ಪದಗಳನ್ನು ಬೇರ್ಪಡಿಸುತ್ತದೆ. ದಾರಿ ಮತ್ತು ನಾರಿ ಎಂಬಲ್ಲಿ ಭೇದವನ್ನುಂಟುಮಾಡುವುದು ಅನುನಾಸಿಕತೆ.

ಒಂದು ಲಕ್ಷಣದ ಇರುವಿಕೆ ಮತ್ತು ಇಲ್ಲದಿರುವಿಕೆಯಿಂದ ಏರ್ಪಡುವ ಇಂತಹ ಜೋಡಿಗಳನ್ನು, ಹಂತಹಂತವಾಗಿ ಬದಲಾಗುವ ಭೇದಗಳಿಂದ ಅವರು ಪ್ರತ್ಯೇಕಿಸಿದರು. ಕೆಲವು ಸ್ಥಾನಗಳಲ್ಲಿ ಭೇದವು ಅಳಿಸಿಹೋಗುವುದನ್ನೂ ಗುರುತಿಸಿದರು. ಉದಾಹರಣೆಗೆ, ಜರ್ಮನ್ ಭಾಷೆಯಲ್ಲಿ ಪದಾಂತ್ಯದ ಡಕಾರವು ಟಕಾರದಂತೆಯೇ ಉಚ್ಚಾರಗೊಳ್ಳುವುದರಿಂದ, ಚಕ್ರ ಮತ್ತು ಸಲಹೆ ಎಂಬ ಅರ್ಥದ ಎರಡು ಪದಗಳು ಕೇಳಲು ಒಂದೇ ಆಗಿರುತ್ತವೆ. ಪ್ರತ್ಯಯ ಸೇರಿದಾಗ ಭೇದವು ಮರಳಿ ಕಾಣಿಸಿಕೊಳ್ಳುತ್ತದೆ.

ಅಂತಿಮ ದಿನಗಳು
ಜನಾಂಗೀಯ ಶ್ರೇಷ್ಠತೆಯ ವಾದವನ್ನು ಖಂಡಿಸಿ ಟ್ರುಬೆಟ್ಸ್ಕೊಯ್ ಅವರು 1935ರಲ್ಲಿ ಲೇಖನವನ್ನು ಪ್ರಕಟಿಸಿದ್ದರು. 1938ರ ಮಾರ್ಚ್ ತಿಂಗಳಲ್ಲಿ ಆಸ್ಟ್ರಿಯವು ನಾಜಿ ಜರ್ಮನಿಯ ವಶವಾದ ನಂತರ, ರಹಸ್ಯ ಪೊಲೀಸರು ಅವರ ಮನೆಯನ್ನು ಶೋಧಿಸಿ ಕಾಗದಪತ್ರಗಳನ್ನು ಮುಟ್ಟುಗೋಲು ಹಾಕಿಕೊಂಡರು. ಮೊದಲೇ ಹೃದ್ರೋಗದಿಂದ ಬಳಲುತ್ತಿದ್ದ ಅವರ ಆರೋಗ್ಯವು ಇದರಿಂದ ಮತ್ತಷ್ಟು ಹದಗೆಟ್ಟಿತು. ಅನಾರೋಗ್ಯದಲ್ಲಿಯೂ ತಮ್ಮ ಮಹಾಕೃತಿಯ ರಚನೆಯನ್ನು ಮುಂದುವರಿಸಿದ ಅವರು, 1938ರ ಜೂನ್ 25ರಂದು ವಿಯೆನ್ನಾದಲ್ಲಿ ನಿಧನರಾದರು. ಆಗ ಅವರಿಗೆ 48 ವರ್ಷ. ಕೃತಿಯ ಕೊನೆಯ ಕೆಲವು ಪುಟಗಳು ಮಾತ್ರ ಬಾಕಿ ಉಳಿದಿದ್ದವು.

ಪ್ರಭಾವ
ಧ್ವನಿಮಾವಿಜ್ಞಾನದ ಮೂಲತತ್ತ್ವಗಳನ್ನು ಕುರಿತ ಆ ಜರ್ಮನ್ ಗ್ರಂಥವನ್ನು ಪ್ರಾಗ್ ವಲಯವು 1939ರಲ್ಲಿ ಪ್ರಕಟಿಸಿತು. ಅದು 1949ರಲ್ಲಿ ಫ್ರೆಂಚ್ ಭಾಷೆಗೂ 1969ರಲ್ಲಿ ಇಂಗ್ಲಿಷ್ ಭಾಷೆಗೂ ಅನುವಾದಗೊಂಡಿತು. ಯಾಕೊಬ್‌ಸನ್, ಗುನ್ನಾರ್ ಫಾಂಟ್ ಮತ್ತು ಮೋರಿಸ್ ಹಾಲೆ ಅವರು 1952ರಲ್ಲಿ ಭೇದಕ ಲಕ್ಷಣಗಳ ಸಿದ್ಧಾಂತವನ್ನು ವಿಸ್ತರಿಸಿದರು. 1968ರಲ್ಲಿ ನೋಮ್ ಚಾಮ್‌ಸ್ಕಿ ಮತ್ತು ಹಾಲೆ ಅವರು ಇಂಗ್ಲಿಷಿನ ಧ್ವನಿವ್ಯವಸ್ಥೆಯನ್ನು ಇಂತಹ ಲಕ್ಷಣಗಳ ಆಧಾರದ ಮೇಲೆಯೇ ವಿವರಿಸಿದರು. ಎರಡು ಬಾರಿ ಕಾಗದಪತ್ರಗಳನ್ನು ಕಳೆದುಕೊಂಡ ವಿದ್ವಾಂಸರೊಬ್ಬರ ಅಪೂರ್ಣ ಗ್ರಂಥವು ಹೀಗೆ ಒಂದು ಶಾಸ್ತ್ರಶಾಖೆಗೆ ಬುನಾದಿಯಾಯಿತು.