ಪೇಪರ್ ಇದ್ದರೆ ನಾಯಿಮರಿ ಆರೋಗ್ಯವಾಗಿರುತ್ತದೆಯೇ? ಜರ್ಮನ್ ಶೆಫರ್ಡ್ ತಳಿ ರೂಪಿಸಿದ ಸ್ಟೆಫಾನಿಟ್ಸ್ ಬದುಕು ಹೇಳುವುದೇನು

ನಾಯಿ ಸಾಕುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೆಲವು ಮಾತುಗಳು ಸುತ್ತುತ್ತಲೇ ಇರುತ್ತವೆ. ಪೇಪರ್ ಇರುವ ಮರಿ ಎಂದರೆ ಕಾಯಿಲೆ ಇಲ್ಲದ ಮರಿ. ಜರ್ಮನ್ ಶೆಫರ್ಡ್ ಅರ್ಧ ತೋಳ. ಬೆನ್ನು ಹಿಂದಕ್ಕೆ ಇಳಿಜಾರಾದಷ್ಟೂ ತಳಿ ಶುದ್ಧ. ಮರಿಯನ್ನು 30 ದಿನಕ್ಕೇ ತಂದರೆ ಮಾತ್ರ ಮನೆಯವರನ್ನು ಹಚ್ಚಿಕೊಳ್ಳುತ್ತದೆ. ನೈಸರ್ಗಿಕವಾಗಿ ಬೆಳೆಸಿದರೆ ಲಸಿಕೆ ಬೇಕಿಲ್ಲ.

ಈ ಐದು ಮಾತುಗಳಲ್ಲಿ ಎಷ್ಟು ನಿಜ? ಉತ್ತರಕ್ಕಾಗಿ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಜರ್ಮನಿಗೆ ಹೋಗೋಣ. ಜರ್ಮನ್ ಶೆಫರ್ಡ್ ಎಂಬ ತಳಿಯನ್ನು ರೂಪಿಸಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅವರ ಬದುಕಿನಲ್ಲೇ ಉತ್ತರದ ಬಹುಪಾಲು ಇದೆ. ಅವರು ಸರಿಯಾಗಿ ಮಾಡಿದ್ದರಲ್ಲೂ ಇದೆ, ತಪ್ಪಿದ್ದರಲ್ಲೂ ಇದೆ.

ಕುದುರೆ ಪಡೆಯಿಂದ ನಾಯಿಗಳ ಕಡೆಗೆ

ಸ್ಟೆಫಾನಿಟ್ಸ್ ಹುಟ್ಟಿದ್ದು 1864ರ ಡಿಸೆಂಬರ್ 30ರಂದು, ಡ್ರೆಸ್ಡೆನ್ ನಗರದಲ್ಲಿ. ಅಶ್ವದಳದಲ್ಲಿ ಅಧಿಕಾರಿಯಾಗಿ ಕ್ಯಾಪ್ಟನ್ ಹುದ್ದೆಗೆ ಏರಿದರು. ಸೇನೆಯಲ್ಲಿದ್ದಾಗಲೇ ಬರ್ಲಿನ್‌ನ ಪಶುವೈದ್ಯ ಕಾಲೇಜಿನಲ್ಲಿ ಕೆಲಕಾಲ ಇದ್ದು, ಪ್ರಾಣಿಗಳ ದೇಹರಚನೆ ಮತ್ತು ಚಲನೆಯ ಬಗ್ಗೆ ಕಲಿತರು. ಆ ತಿಳಿವಳಿಕೆ ಮುಂದೆ ನಾಯಿಗಳ ವಿಷಯದಲ್ಲಿ ಕೆಲಸಕ್ಕೆ ಬಂತು.

ಆಗ ಜರ್ಮನಿಯಲ್ಲಿ ಕುರಿ ಕಾಯುವ ನಾಯಿಗಳು ಊರಿಗೊಂದು ಬಗೆಯಾಗಿದ್ದವು. ಬಣ್ಣ, ಕಿವಿ, ಎತ್ತರ ಯಾವುದೂ ಒಂದೇ ಥರ ಇರಲಿಲ್ಲ. ಕುರುಬರು ನೋಡುತ್ತಿದ್ದದ್ದು ಒಂದನ್ನೇ: ನಾಯಿ ದಿನವಿಡೀ ಮಂದೆ ಕಾಯುತ್ತದೆಯೋ ಇಲ್ಲವೋ. 1891ರಲ್ಲಿ ಫೈಲಾಕ್ಸ್ ಎಂಬ ಸಂಘ ಈ ನಾಯಿಗಳನ್ನು ಒಂದು ತಳಿಯಾಗಿ ಮಾಡಲು ಹೊರಟಿತು. ಅಂದ ಮುಖ್ಯವೋ ಕೆಲಸ ಮುಖ್ಯವೋ ಎಂಬ ಜಗಳದಲ್ಲಿ ಮೂರೇ ವರ್ಷಕ್ಕೆ ಮುಚ್ಚಿಹೋಯಿತು. ಸ್ಟೆಫಾನಿಟ್ಸ್ ಕೆಲಸದ ಪಕ್ಷ. ಕೆಲಸ ಮಾಡಲಾಗದ ಕುರಿನಾಯಿ ಎಷ್ಟೇ ಚೆಂದವಿದ್ದರೂ ಪ್ರಯೋಜನವಿಲ್ಲ ಎಂಬುದು ಅವರ ನಿಲುವು.

ಕಾರ್ಲ್ಸ್‌ರೂಹೆಯಲ್ಲಿ ಸಿಕ್ಕ ನಾಯಿ

1899ರ ಏಪ್ರಿಲ್‌ನಲ್ಲಿ ಅವರು ಗೆಳೆಯ ಆರ್ಟುರ್ ಮೇಯರ್ ಜೊತೆ ಕಾರ್ಲ್ಸ್‌ರೂಹೆಯ ನಾಯಿ ಪ್ರದರ್ಶನಕ್ಕೆ ಹೋದರು. ಅಲ್ಲಿ ಹೆಕ್ಟರ್ ಎಂಬ ನಾಲ್ಕು ವರ್ಷದ ನಾಯಿ ಕಣ್ಣಿಗೆ ಬಿತ್ತು. ಮಧ್ಯಮ ಗಾತ್ರ, ಚುರುಕು ನಡೆ, ಯಾರೂ ಕಲಿಸದಿದ್ದರೂ ಕುರಿ ಕಾಯುವ ಸ್ವಭಾವ. ಸ್ಟೆಫಾನಿಟ್ಸ್ ಅಲ್ಲೇ ಅದನ್ನು ಕೊಂಡು, ಬವೇರಿಯಾದಲ್ಲಿದ್ದ ತಮ್ಮ ಗ್ರಾಫ್ರಾಟ್ ಎಸ್ಟೇಟಿನ ಹೆಸರು ಸೇರಿಸಿ ಹೊರಾಂಡ್ ಫಾನ್ ಗ್ರಾಫ್ರಾಟ್ ಎಂದು ಕರೆದರು. ಅದೇ ತಿಂಗಳ 22ರಂದು ಜರ್ಮನ್ ಶೆಫರ್ಡ್ ಸಂಘ ಶುರುವಾಯಿತು. ಸಂಘದ ವಂಶಾವಳಿ ಪುಸ್ತಕದಲ್ಲಿ ಹೊರಾಂಡ್‌ಗೆ ಒಂದನೇ ನಂಬರ್.

ಹೊರಾಂಡ್‌ನ ಹಳೆಯ ಫೋಟೊ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಹುಡುಕಿ ನೋಡಿ. ಬೆನ್ನು ಹೆಚ್ಚುಕಡಿಮೆ ನೇರವಾಗಿದೆ. ಇಂದು ಕೆಲವು ಪ್ರದರ್ಶನದ ನಾಯಿಗಳಲ್ಲಿ ಕಾಣುವ ಇಳಿಜಾರು ಬೆನ್ನು ಅದಕ್ಕಿರಲಿಲ್ಲ.

ಪೇಪರ್ ಹುಟ್ಟಿದ್ದು ಯಾಕೆ?

ನಾವು ಇಂದು ಪೇಪರ್ ಎನ್ನುವುದು ಇಂಥ ವಂಶಾವಳಿ ಪುಸ್ತಕದ ಒಂದು ತುಣುಕು. ಅದು ಹೇಳುವುದು ಇಷ್ಟೇ: ಈ ಮರಿಯ ಅಪ್ಪ ಯಾರು, ಅಮ್ಮ ಯಾರು, ಅವರ ಹಿಂದಿನವರು ಯಾರು. ಅಷ್ಟೇ ಸಾಲದು ಎಂದು ಸ್ಟೆಫಾನಿಟ್ಸ್ ಅವರಿಗೂ ಗೊತ್ತಿತ್ತು. ಅದಕ್ಕಾಗಿ ಕುರಿ ಕಾಯುವ ಸ್ಪರ್ಧೆಗಳನ್ನು, ಕಾವಲು ಪರೀಕ್ಷೆಗಳನ್ನು ತಂದರು. ಯಾವ ಗಂಡನ್ನು ಯಾವ ಹೆಣ್ಣಿಗೆ ಕೂಡಿಸಬೇಕು ಎಂದು ಸಲಹೆ ಕೊಡಲು, ಹುಟ್ಟಿದ ಮರಿಗಳನ್ನು ನೋಡಲು ಸಂಘದಿಂದ ಮೇಲ್ವಿಚಾರಕರನ್ನು ನೇಮಿಸಿದರು. 1920ರ ದಶಕದಲ್ಲಿ ನಾಯಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸಂತಾನಕ್ಕೆ ಯೋಗ್ಯವೋ ಅಲ್ಲವೋ ಎಂದು ಬರೆದಿಡುವ ಪದ್ಧತಿ ಬಂತು.

ಅಂದರೆ ಪೇಪರ್ ಎಂಬುದು ಮಾಹಿತಿ, ಆರೋಗ್ಯದ ಗ್ಯಾರಂಟಿ ಅಲ್ಲ.

ನೈಸರ್ಗಿಕ ಪಾಲನೆಯ ಕಾಲ ಹೇಗಿತ್ತು?

ಮರಿ ಪಂಜರದಲ್ಲಿ ಬೆಳೆಯಬಾರದು, ಮನುಷ್ಯರ ನಡುವೆ, ಬಯಲಿನಲ್ಲಿ, ಓಡಾಡಿಕೊಂಡು ಬೆಳೆಯಬೇಕು ಎಂಬುದು ಸ್ಟೆಫಾನಿಟ್ಸ್ ಅವರ ನಂಬಿಕೆ. ಈ ವಿಷಯದಲ್ಲಿ ವಿಜ್ಞಾನ ಅವರ ಪರ ನಿಂತಿತು. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ತಂದರು. ಸುಮಾರು 3ರಿಂದ 12 ವಾರದ ನಡುವೆ ಮರಿ ತನ್ನ ಒಡಹುಟ್ಟಿದವುಗಳಿಂದಲೂ ಮನುಷ್ಯರಿಂದಲೂ ಕಲಿಯುವುದು ಜೀವನಪೂರ್ತಿ ಉಳಿಯುತ್ತದೆ ಎಂದು ಅದು ತೋರಿಸಿತು. 30 ದಿನಕ್ಕೇ ತಾಯಿಯಿಂದ ಬಿಡಿಸಿದ ಮರಿಗೆ ಈ ಪಾಠದ ಅರ್ಧ ತಪ್ಪಿಹೋಗುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುವಾಗಲೇ.

ಆದರೆ ಆ ನೈಸರ್ಗಿಕ ಕಾಲದ ಇನ್ನೊಂದು ಮುಖವೂ ಇದೆ. ಶುದ್ಧ ಗಾಳಿ, ಮನೆ ಊಟ, ಬಯಲು ಎಲ್ಲವೂ ಇದ್ದ ಮರಿಗಳೂ ಡಿಸ್ಟೆಂಪರ್ ರೋಗಕ್ಕೆ ಗುಂಪುಗುಂಪಾಗಿ ಸಾಯುತ್ತಿದ್ದವು. ಇದು ವೈರಸ್‌ನಿಂದ ಬರುತ್ತದೆ ಎಂದು ಫ್ರಾನ್ಸಿನ ಹೆನ್ರಿ ಕಾರೆ ಕಂಡುಕೊಂಡದ್ದು 1905ರಲ್ಲಿ. ಬ್ರಿಟನ್ನಿನಲ್ಲಿ ಲೇಡ್ಲಾ ಮತ್ತು ಡಂಕಿನ್ ಲಸಿಕೆ ತಯಾರಿಸಿದ್ದು 1920ರ ದಶಕದ ಕೊನೆಗೆ. ಇಂದು ಮರಿಗಳನ್ನು ಕಾಡುವ ಪಾರ್ವೋ ಆಗ ಇರಲೇ ಇಲ್ಲ, ಅದು ಕಾಣಿಸಿಕೊಂಡದ್ದು 1970ರ ದಶಕದ ಕೊನೆಯಲ್ಲಿ. ಒಳ್ಳೆಯ ಪಾಲನೆ ಮತ್ತು ಲಸಿಕೆ ಎರಡೂ ಬೇಕು. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಖ್ಯಾತಿ ಬಂತು, ಕಷ್ಟವೂ ಬಂತು

ಕಾರ್ಖಾನೆಗಳು ಹೆಚ್ಚಿ ಕುರಿ ಮಂದೆಗಳು ಕಡಿಮೆಯಾದಾಗ ಸ್ಟೆಫಾನಿಟ್ಸ್ ಈ ನಾಯಿಗಳನ್ನು ಪೊಲೀಸರಿಗೆ ಪರಿಚಯಿಸಿದರು. ಮೊದಲ ಮಹಾಯುದ್ಧದಲ್ಲಿ ಅವು ಸಂದೇಶ ಒಯ್ದವು, ಗಾಯಾಳುಗಳನ್ನು ಹುಡುಕಿದವು. ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರುವ ನಾಯಿಗಳ ತರಬೇತಿ 1916ರಲ್ಲಿ ಓಲ್ಡನ್‌ಬರ್ಗ್‌ನಲ್ಲಿ ಆರಂಭವಾಯಿತು.

ಯುದ್ಧದ ನಂತರ ಜರ್ಮನ್ ಎಂಬ ಪದವೇ ಬೇಡವಾಗಿ ಬ್ರಿಟನ್ನಿನಲ್ಲಿ ಈ ತಳಿಗೆ ಅಲ್ಸೇಷಿಯನ್ ವುಲ್ಫ್ ಡಾಗ್ ಎಂದು ಹೆಸರಿಟ್ಟರು. ನಮ್ಮಲ್ಲೂ ಹಿರಿಯರು ಅಲ್ಸೇಷಿಯನ್ ಎನ್ನುವುದು ಹೀಗೆ ಬಂತು. ಹೆಸರಿನೊಳಗೇ ತೋಳ ಸೇರಿಕೊಂಡದ್ದು ಅರ್ಧ ತೋಳದ ಕಥೆಗೆ ಬಲ ಕೊಟ್ಟಿತು. ಎಲ್ಲ ನಾಯಿಗಳೂ ತೋಳದ ಸಂತತಿಯೇ. ಜರ್ಮನ್ ಶೆಫರ್ಡ್ ಮಾತ್ರ ತೋಳಕ್ಕೆ ವಿಶೇಷವಾಗಿ ಹತ್ತಿರವಲ್ಲ. ಜೀನ್ ಅಧ್ಯಯನಗಳಲ್ಲಿ ಅದು ಯುರೋಪಿನ ಇತರ ತಳಿಗಳ ಜೊತೆಗೇ ನಿಲ್ಲುತ್ತದೆ.

ಹಾಲಿವುಡ್‌ನ ರಿನ್ ಟಿನ್ ಟಿನ್ ಸಿನಿಮಾಗಳಿಂದ ಬೇಡಿಕೆ ಏರಿತು. ದುಡ್ಡಿಗಾಗಿ ಮರಿ ಹಾಕಿಸುವವರೂ ಹೆಚ್ಚಾದರು. ನಾಯಿಗಳು ಎತ್ತರವಾಗುತ್ತ, ಸ್ವಭಾವ ಕೆಡುತ್ತ ಹೋಗುವುದನ್ನು ಕಂಡ ಸ್ಟೆಫಾನಿಟ್ಸ್ 1925ರ ದೊಡ್ಡ ಪ್ರದರ್ಶನದಲ್ಲಿ ಕ್ಲೋಡೊ ಎಂಬ ಗಿಡ್ಡನೆಯ, ಗಟ್ಟಿ ಮೈಯ ನಾಯಿಗೆ ಪಟ್ಟ ಕೊಟ್ಟು ದಾರಿ ತಿರುಗಿಸಲು ನೋಡಿದರು.

ಅವರು ಎಡವಿದ್ದು ಎಲ್ಲಿ?

ಒಂದೇ ರೂಪ ಬೇಗ ಬರಲಿ ಎಂದು ಆರಂಭದಲ್ಲಿ ಹೊರಾಂಡ್‌ನ ಮಕ್ಕಳು ಮೊಮ್ಮಕ್ಕಳನ್ನೇ ಪರಸ್ಪರ ಕೂಡಿಸಿದ್ದರು. ಹತ್ತಿರದ ರಕ್ತದಲ್ಲಿ ಕೂಡಿಸಿದರೆ ಬೇಕಾದ ಗುಣದ ಜೊತೆಗೆ ಅಡಗಿರುವ ದೋಷವೂ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣುವ ದೋಷವನ್ನು ಅವರು ತೆಗೆದುಹಾಕುತ್ತಿದ್ದರು. ಒಳಗಿರುವುದು ಕಾಣುವುದು ಹೇಗೆ? ಈ ತಳಿಯನ್ನು ಇಂದಿಗೂ ಬಾಧಿಸುವ ಹಿಪ್ ಡಿಸ್‌ಪ್ಲಾಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದ ಸಮಸ್ಯೆ, ನಾಯಿಗಳಲ್ಲಿ ಮೊದಲು ವರದಿಯಾದದ್ದೇ 1935ರಲ್ಲಿ. ಅವರ ಸಂಘ ಸೊಂಟದ ಎಕ್ಸ್‌ರೇ ಪದ್ಧತಿ ತಂದದ್ದು 1960ರ ದಶಕದಲ್ಲಿ.

ಶುದ್ಧ ರಕ್ತದ ಹುಚ್ಚು ನಾಯಿಗಳಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಬರಹದಲ್ಲಿ ಯಹೂದಿಗಳ ಬಗ್ಗೆ ಜನಾಂಗ ದ್ವೇಷದ ಮಾತುಗಳಿವೆ. ಕೊನೆಗೆ ನಾಜಿ ಆಡಳಿತ ನಾಯಿ ಸಂಘಗಳನ್ನೂ ಕೈವಶ ಮಾಡಿಕೊಂಡಾಗ, 36 ವರ್ಷ ಕಟ್ಟಿದ ಸಂಘದಿಂದ 1935ರಲ್ಲಿ ಅವರೇ ಹೊರನಡೆಯಬೇಕಾಯಿತು. 1936ರ ಏಪ್ರಿಲ್ 22ರಂದು ಡ್ರೆಸ್ಡೆನ್‌ನಲ್ಲಿ ತೀರಿಕೊಂಡರು. ಸಂಘ ಹುಟ್ಟಿದ್ದೂ ಅದೇ ತಾರೀಖು.

ಮರಿ ತರುವ ಮುನ್ನ ನೀವು ಮಾಡಬೇಕಾದ್ದು

- ತಾಯಿ ನಾಯಿಯನ್ನು ಅದು ಇರುವ ಜಾಗದಲ್ಲೇ ನೋಡಿ. ತಾಯಿ ಊರಲ್ಲಿದೆ, ಮರಿ ಮಾತ್ರ ಇಲ್ಲಿದೆ ಎನ್ನುವವರಿಂದ ಕೊಳ್ಳಬೇಡಿ.
- ಪೇಪರ್ ಜೊತೆ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳಿ. ವಂಶಾವಳಿಯಲ್ಲಿ ಒಂದೇ ಹೆಸರು ಎರಡೂ ಕಡೆ ಬಂದಿದೆಯೇ ನೋಡಿ.
- 8 ವಾರ ತುಂಬದ ಮರಿ ತರಬೇಡಿ. ಭಾರತದ 2017ರ ನಾಯಿ ಸಂತಾನ ಮತ್ತು ಮಾರಾಟ ನಿಯಮಗಳ ಪ್ರಕಾರ ಅಂಥ ಮರಿ ಮಾರುವಂತಿಲ್ಲ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು.
- ಡಬಲ್ ಬೋನ್, ಡಬಲ್ ಕೋಟ್ ಎಂದು ಹೆಚ್ಚು ದುಡ್ಡು ಕೇಳಿದರೆ ಮರುಳಾಗಬೇಡಿ. ಎರಡು ಪಟ್ಟು ಮೂಳೆ ಯಾವ ನಾಯಿಗೂ ಇಲ್ಲ. ಒಳಗೂದಲು ಮತ್ತು ಹೊರಗೂದಲು ಈ ತಳಿಗೆ ಸಹಜ.
- ಮರಿಯನ್ನು ದಪ್ಪ ಮಾಡಬೇಡಿ. ಬೇಗ ತೂಕ ಏರಿದರೆ ಸೊಂಟದ ತೊಂದರೆ ಹೆಚ್ಚುತ್ತದೆ. ಸಮತೋಲನ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಡಾಕ್ಟರ್ ಹೇಳದೆ ಕ್ಯಾಲ್ಸಿಯಂ ಸಿರಪ್ ಹಾಕಿದರೆ ಮೂಳೆಗೇ ಕೆಡುಕು.
- ಲಸಿಕೆ ಮತ್ತು ಜಂತುಹುಳು ಔಷಧದ ವೇಳಾಪಟ್ಟಿಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.

ಹಾಗಾದರೆ ಮೇಲಿನ ಐದು ಮಾತುಗಳ ಕಥೆ? ಐದೂ ತಪ್ಪು. ನಿಮ್ಮ ಗ್ರೂಪ್‌ನಲ್ಲಿ ಯಾರಾದರೂ ಮರಿ ಕೊಳ್ಳಲು ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಅವರಿಗೆ ಕಳಿಸಿ.