ಸೀಸದ ಜಾಡು ಹಿಡಿದ ವೈದ್ಯೆ: ಆಲಿಸ್ ಹ್ಯಾಮಿಲ್ಟನ್

ಸೀಸದ ವಿಷವೇರಿದವನಿಗೆ ಮೊದಲು ಕರುಳು ಹಿಂಡುವ ನೋವು; ಬಳಿಕ ಮಣಿಕಟ್ಟು ಜೋತುಬಿದ್ದು ಕೈಯೇ ಏಳದ ದುಃಸ್ಥಿತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೂಲಿಗಾರರಲ್ಲಿ ಇಂಥವರೆಷ್ಟು ಮಂದಿಯೆಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಆ ಲೆಕ್ಕವನ್ನು ಹುಡುಕಿ ಹೊರಟವರು ಆಲಿಸ್ ಹ್ಯಾಮಿಲ್ಟನ್.

1869ರಲ್ಲಿ ಜನಿಸಿ, ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇನ್‌ನಲ್ಲಿ ಬೆಳೆದ ಆಕೆ 1893ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದ ವೈದ್ಯ ಪದವಿ ಪಡೆದರು. ಮುಂದೆ ಷಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್ ಎಂಬ ಸೇವಾಶ್ರಮದಲ್ಲಿ ಬಡ ವಲಸೆಗಾರರ ನಡುವೆ ನೆಲೆಸಿದರು. ಕಾರ್ಖಾನೆಯಿಂದ ಬಳಲಿ ಬರುತ್ತಿದ್ದ ಜೀವಗಳು ಆಕೆಗೆ ಅಲ್ಲಿ ನಿತ್ಯದ ನೆರೆಹೊರೆಯಾದವು.

1910ರಲ್ಲಿ ಇಲಿನಾಯ್ ಸರ್ಕಾರ ಕಸುಬಿನ ರೋಗಗಳ ಸಮೀಕ್ಷೆಯನ್ನು ಆಕೆಗೆ ವಹಿಸಿತು. ಕಾರ್ಖಾನೆಯೊಳಗೆ ಕಾಣುತ್ತಿದ್ದವರು ಇನ್ನೂ ದುಡಿಯಬಲ್ಲವರು ಮಾತ್ರ. ಹಾಸಿಗೆ ಹಿಡಿದವರನ್ನು ಅಲ್ಲಿ ಹುಡುಕಿ ಫಲವೇನು? ಆಕೆ ಆಸ್ಪತ್ರೆಯ ದಾಖಲೆಗಳನ್ನು ತಿರುವಿ ಹಾಕಿದರು, ಔಷಧದ ಅಂಗಡಿಯವರನ್ನು ಕೇಳಿದರು, ಕೂಲಿಗಾರರ ಮನೆಗಳ ಮೆಟ್ಟಿಲೇರಿದರು. ಹೀಗೆ ಕೂಡಿಬಂದ ಸೀಸವಿಷದ ಪ್ರಕರಣಗಳು 578. ಕೈ ತೊಳೆಯದೆ ಉಣ್ಣುವವರದೇ ತಪ್ಪೆಂಬುದು ಮಾಲೀಕರ ವಾದವಾಗಿತ್ತು. ವಿಷ ಮೈಸೇರುವುದು ಮುಖ್ಯವಾಗಿ ಉಸಿರಾಡುವ ಧೂಳು, ಹೊಗೆಗಳಿಂದ ಎಂದು ಆಕೆ ತೋರಿಸಿದರು. ಮರುವರ್ಷವೇ ಕಾನೂನು ಬಂದಿತು.

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಆಕೆಯನ್ನು ತನ್ನ ಮೊದಲ ಅಧ್ಯಾಪಕಿಯಾಗಿ ನೇಮಿಸಿಕೊಂಡಿತು. ಪದವೀದಾನದ ಮೆರವಣಿಗೆಯಲ್ಲಿ ಮಾತ್ರ ಹೆಜ್ಜೆಯಿಡಕೂಡದೆಂದು ವಿಧಿಸಿತು! 1935ರಲ್ಲಿ ನಿವೃತ್ತರಾದಾಗಲೂ ಆಕೆ ಸಹಾಯಕ ಪ್ರಾಧ್ಯಾಪಕಿಯೇ. ವಿದ್ಯಾಮಂದಿರಗಳ ಔದಾರ್ಯಕ್ಕೂ ಒಂದು ಮಿತಿಯುಂಟು.

ಆಕೆಯ ದೊಡ್ಡ ಸೋಲು 1925ರದು. ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ವಿಷಯವಾಗಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿದಾಗ, ಸೀಸವನ್ನು ಹೀಗೆ ಬೀದಿಗೆ ಬಿಟ್ಟರೆ ಹತೋಟಿ ಅಸಾಧ್ಯವೆಂದೂ, ಬೇರೆ ದ್ರವ್ಯವನ್ನು ಅರಸಬೇಕೆಂದೂ ಆಕೆ ವಾದಿಸಿದರು. ಮರುವರ್ಷ ತಜ್ಞರ ಸಮಿತಿ ನಿಷೇಧಕ್ಕೆ ಆಧಾರವಿಲ್ಲವೆಂದಿತು. ಕಾರ್ಖಾನೆಯ ವಿಷ ಇಡೀ ರಾಷ್ಟ್ರದ ಉಸಿರಿಗಿಳಿಯಿತು.

1970ರಲ್ಲಿ, ನೂರೊಂದು ವರ್ಷ ತುಂಬಿದ್ದ ಆಕೆ ತೀರಿಕೊಂಡರು. ಅನಂತರ, 1976ರಿಂದ 1980ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯವರು ಊರಿಂದೂರಿಗೆ ಸಂಚರಿಸಿ, ರೋಗಿಗಳಲ್ಲದ ಸಾಮಾನ್ಯ ಜನರ, ಎಳೆಯ ಮಕ್ಕಳ ರಕ್ತವನ್ನೂ ಪರೀಕ್ಷಿಸಿದರು. ಪೆಟ್ರೋಲಿನ ಸೀಸ ಇಳಿದಂತೆಲ್ಲ ರಕ್ತದ ಸೀಸವೂ ಇಳಿದಿತ್ತು: ಡೆಸಿಲೀಟರಿಗೆ ಸರಾಸರಿ 14.6 ಮೈಕ್ರೋಗ್ರಾಮಿನಿಂದ 9.2ಕ್ಕೆ. ಆ ಅಂಕಿಗಳ ಬಲದಿಂದ ನಿರ್ಬಂಧ ಬಿಗಿಯಾಗಿ, 1996ರಲ್ಲಿ ಅಮೆರಿಕದ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ನಿಂತಿತು. ನಮ್ಮ ದೇಶದಲ್ಲಿ 2000ದಲ್ಲಿ.