ಎರಡು ಮಾತ್ರೆಗಳ ಹಿಂದಿನ ಡಾ. ಯಲ್ಲಾಪ್ರಗಡ ಸುಬ್ಬರಾವ್

ರುಮಟಾಯ್ಡ್ ಸಂಧಿವಾತ ಅಥವಾ ಸೋರಿಯಾಸಿಸ್‌ಗೆ ನಿಮ್ಮ ವೈದ್ಯರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದಾರೆಯೇ? ಹಾಗಿದ್ದರೆ ಸಾಮಾನ್ಯವಾಗಿ ಅದರ ಜೊತೆ ಫೋಲಿಕ್ ಆಮ್ಲದ ಮಾತ್ರೆಯೂ ಇರುತ್ತದೆ. ಈ ಎರಡರ ಹಿಂದೆಯೂ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆ ಇದೆ.

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ವಿಜಯವಾಡ ಮತ್ತು ವಿಶಾಖಪಟ್ಟಣದ ನಡುವಿನ ಭೀಮಾವರಂನಲ್ಲಿ. ಅವರ ಸೋದರರನ್ನು ಬಲಿ ತೆಗೆದುಕೊಂಡದ್ದು ಸ್ಪ್ರೂ ಎಂಬ ಕಾಯಿಲೆ. ಇದರಲ್ಲಿ ಸಣ್ಣ ಕರುಳಿನ ಒಳಪದರ ಹಾಳಾಗಿ, ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ ಮತ್ತು ರಕ್ತಹೀನತೆ ಕಾಡುತ್ತವೆ. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಅವರು ಅಮೆರಿಕದ ಹಾರ್ವರ್ಡ್‌ಗೆ ಹೋದರು. ಅಲ್ಲಿ 1929ರಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿಯನ್ನು ಸ್ನಾಯುವಿನಲ್ಲಿ ಗುರುತಿಸಿದರು.

1940ರಲ್ಲಿ ಲೆಡರ್ಲಿ ಔಷಧ ಸಂಸ್ಥೆ ಸೇರಿದರು. ಅಲ್ಲಿ 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಹೊಸ ಜೀವಕೋಶ ಹುಟ್ಟಲು ಈ ವಿಟಮಿನ್ ಬೇಕೇ ಬೇಕು. ರಕ್ತ ತಯಾರಾಗುವ ಅಸ್ಥಿಮಜ್ಜೆಗೂ ಕರುಳು ಮತ್ತು ಬಾಯಿಯ ಒಳಪದರಕ್ಕೂ ಇದರ ಅಗತ್ಯ ಹೆಚ್ಚು. ಹಾಗಾಗಿ ಸ್ಪ್ರೂ ರೋಗಕ್ಕೂ ಇದು ಔಷಧವಾಯಿತು.

ಅದೇ ಪ್ರಯೋಗಾಲಯ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನೂ ತಯಾರಿಸಿತು. ಅವುಗಳಲ್ಲಿ ಒಂದಾದ ಅಮಿನೊಪ್ಟೆರಿನ್‌ನಿಂದ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ ಕೆಲವು ಮಕ್ಕಳ ಕಾಯಿಲೆಯನ್ನು ತಾತ್ಕಾಲಿಕವಾಗಿ ಹತೋಟಿಗೆ ತಂದರು. ಇನ್ನೊಂದು, ನಿಮ್ಮ ಮೆಥೊಟ್ರೆಕ್ಸೇಟ್. ಸುಬ್ಬರಾವ್ 1948ರಲ್ಲಿ, 53ನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಭಾರತಕ್ಕೆ ಮರಳಲೇ ಇಲ್ಲ.

ಈಗ ನಿಮ್ಮ ಔಷಧಚೀಟಿ ನೋಡಿ. ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ದಿನವೂ ಅಲ್ಲ. ತಪ್ಪಿ ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಗ್ಗಿ ಜೀವಕ್ಕೇ ಅಪಾಯವಾಗಬಹುದು. ಬಾಯಿಹುಣ್ಣು, ಜ್ವರ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೆಚ್ಚು ಮಾತ್ರೆ ನುಂಗಿದ್ದು ಗೊತ್ತಾದರೆ ಈ ಲಕ್ಷಣಗಳಿಗಾಗಿ ಕಾಯಬೇಡಿ. ಫೋಲಿಕ್ ಆಮ್ಲವು ಅಡ್ಡಪರಿಣಾಮ ಕಡಿಮೆ ಮಾಡುತ್ತದೆ. ವೈದ್ಯರು ಹೇಳಿದ ದಿನವೇ ತೆಗೆದುಕೊಳ್ಳಿ. ಗರ್ಭಿಣಿಯಾಗಿದ್ದರೆ ಅಥವಾ ಮಗು ಬೇಕೆಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ದುಡಿಮೆಗೆಂದು ವಿಜಯವಾಡದ ಆಟೋನಗರ್‌ನಂಥ ಕಡೆ ಇರುವ ಕನ್ನಡಿಗರಿಗೆ ಒಂದು ಮಾತು: ಚೀಟಿಯ ಭಾಷೆ ಓದಲು ಬಾರದಿದ್ದರೆ ಸುಮ್ಮನಿರಬೇಡಿ. ಯಾವ ಮಾತ್ರೆ ಯಾವ ವಾರ ಎಂದು ಅಂಗಡಿಯ ಫಾರ್ಮಸಿಸ್ಟ್ ಬಳಿ ಕೇಳಿ, ಅಲ್ಲೇ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಳ್ಳಿ.